ನೆಲದಡಿಯ ಕಲ್ಲುಪುರಿ

ಹಿಂದೂಪುರದಲ್ಲಿ ಅಕ್ಕನ ಹೊಸ ಮನೆಯ ಒಳಕೋಣೆಯಲ್ಲಿ ಅವತ್ತು ಐದು ಜನ ಇದ್ದೆವು. ಅಕ್ಕ, ಭಾವ, ಭಾವನ ತಾಯಿ, ಮನೆ ಕಟ್ಟುತ್ತಿದ್ದ ಮೇಸ್ತ್ರಿ, ಮತ್ತೆ ಕಲ್ಯಾಣದುರ್ಗದಿಂದ ಬೆಳಗಿನ ಬಸ್ಸಿಗೆ ಬಂದಿಳಿದಿದ್ದ ನಾನು. ಭಾವನ ತಾಯಿಯನ್ನು ನಾವೆಲ್ಲ ಅವ್ವ ಅಂತಲೇ ಕರೆಯುವುದು. ಕೋಣೆಗೆ ಗೋಡೆ ಎದ್ದಿತ್ತು, ತಲೆಯ ಮೇಲೆ ಮೋಲ್ಡು ಹಾಕಿ ಆಗಿತ್ತು, ಕಿಟಕಿಗೆ ಚೌಕಟ್ಟೂ ಕೂತಿತ್ತು. ನೆಲವೊಂದು ಮಾತ್ರ ಇನ್ನೂ ಬೋಳು ಸಿಮೆಂಟು. ಹೊಸ ಮನೆಯಲ್ಲವೇ, ಅಕ್ಕ ಭಕ್ತಿಯಿಂದ ಹೊಸಿಲಾಚೆ ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಬಂದಳು. ಬಂದವಳೇ ಎರಡು ಹೆಜ್ಜೆಗೆ ಕುಣಿದು ಹೊಸಿಲಿಗೆ ವಾಪಸು ಹಾರಿದಳು.

"ಅಯ್ಯಯ್ಯಪ್ಪಾ! ಇದೇನು ನೆಲವೋ, ಕಾದಿರೋ ಹೆಂಚೋ?"

ಮೇಸ್ತ್ರಿ ತಲೆ ಕೆರೆದುಕೊಂಡ. ಭಾವ ಕಿಟಕಿಯ ಕಡೆ ನೋಡಿದರು. ಅವರಿಬ್ಬರಿಗೂ ಸಂಗತಿ ಮುಂಚೆಯೇ ಗೊತ್ತಿತ್ತು ಅಂತ ನನಗೆ ಆಗಲೇ ಅನ್ನಿಸಿತು.

ಸಂಗತಿ ಏನೆಂದರೆ, ಆ ಕೋಣೆಯ ನೇರ ಕೆಳಗೆ ಭಾವನ ಪುರಿ ಭಟ್ಟಿ. ಅವರ ಅಪ್ಪನ ಕಾಲದಿಂದ ಉರಿಯುತ್ತಿರುವ ಭಟ್ಟಿ ಅದು. ಮಂಡಕ್ಕಿ ಅನ್ನಿ, ತೆಲುಗಿನಲ್ಲಿ ಬೊರುಗುಲು ಅನ್ನಿ, ನಮ್ಮ ಕಡೆ ಪುರಿ. ಗೋರಂಟ್ಲದ ಸಂತೆಗೆ, ಕೊಡಿಕೊಂಡದ ಹೆದ್ದಾರಿ ಅಂಗಡಿಗಳಿಗೆ ಇಲ್ಲಿಂದಲೇ ಮೂಟೆ ಹೋಗುತ್ತವೆ. ಬೆಳಕು ಹರಿಯುವ ಮುಂಚೆ ಹಚ್ಚಿದ ಬೆಂಕಿ ಹೊತ್ತು ಇಳಿಯುವ ತನಕ ಆರುವುದಿಲ್ಲ. ಬಾಡಿಗೆ ಮನೆ ಸಾಕಾಗಿ, ಬೇರೆ ಜಾಗವಿಲ್ಲದೆ, ಭಾವ ಭಟ್ಟಿಯ ಮೇಲೆಯೇ ಮನೆ ಎಬ್ಬಿಸಿದ್ದರು. ಬೆಂಕಿ ಮೇಲಕ್ಕೆ ಹೋಗುತ್ತದೆ ಅನ್ನುವುದು ಹುಟ್ಟಿದಾಗಿನಿಂದ ಬೆಂಕಿಯ ಮುಂದೆ ಕೂತ ಮನುಷ್ಯನಿಗೆ ಯಾಕೆ ಹೊಳೆಯಲಿಲ್ಲವೋ ನನಗೆ ಇವತ್ತಿಗೂ ಸೋಜಿಗ.

"ಮಗಳು ಬಾಣಂತನಕ್ಕೆ ಬತ್ತಾಳೆ," ಅಂದಳು ಅಕ್ಕ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಚಳಿಗಾಲದಲ್ಲಿ ಹೆರಿಗೆ ಆದ್ರೂ ಬೇಸಿಗೆ ಮುಗಿಯೋ ತನಕ ಇಲ್ಲೇ ಇರ್ತಾಳೆ. ಈ ನೆಲದ ಮೇಲೆ ಕೂಸನ್ನ ಮಲಗಿಸ್ಲಾ, ಇಲ್ಲಾ ದೋಸೆ ಹುಯ್ಯಲಾ?"

"ಮಂಚ ಹಾಕ್ಸಿದ್ರಾಯ್ತು ಕಣೇ," ಅಂದರು ಭಾವ.

"ಮಂಚದ ಕೆಳಗೆ ಬೆಂಕಿ ಇಟ್ಟು ಮೇಲೆ ಮಗೂನ ಮಲಗಿಸ್ತೀರಾ? ಚೆನ್ನಾಗೈತೆ! ನೋಡ್ರೀ, ಒಂದೇ ಮಾತು. ನೆಲ ತಣ್ಣಗಾಗ್ಬೇಕು. ಇಲ್ದಿದ್ರೆ ಮಗಳು ಈ ಮೆಟ್ಲು ಹತ್ತಿದ ದಿನ ಭಟ್ಟಿ ಆರ್ಬೇಕು, ಅವಳು ಗಂಡನ ಮನೆಗೆ ಹೋಗೋ ತನಕ ಹಚ್ಚಂಗಿಲ್ಲ."

ಭಾವನ ಮುಖ ಸಣ್ಣದಾಯಿತು. ತಿಂಗಳುಗಟ್ಟಲೆ ಪುರಿ ಕೊಡದವನ ಬಾಗಿಲಿಗೆ ಅಂಗಡಿಯವರು ಆಮೇಲೆ ಯಾಕೆ ಬರುತ್ತಾರೆ? ಈಗ ಮಿಷನ್ನಿನಲ್ಲಿ ಹುರಿದ ಪುರಿ ಲಾರಿ ತುಂಬ ಬರುತ್ತದೆ. ಮರಳಿನಲ್ಲಿ ಹುರಿದದ್ದೇ ಬೇಕು ಅನ್ನುವ ನಾಲ್ಕು ಜನ ಗಿರಾಕಿಗಳನ್ನು ನಂಬಿಕೊಂಡು ಅವರ ಬೆಂಕಿ ಉರಿಯುತ್ತಿತ್ತು. ಒಮ್ಮೆ ಆರಿದರೆ ಅದು ಆರಿದಂತೆಯೇ. ಅಕ್ಕನಿಗೂ ಇದು ತಿಳಿಯದ್ದಲ್ಲ. ಅದಕ್ಕೇ ಆ ಮಾತು ಹೇಳುವಾಗ ಅವಳೂ ಗಂಡನ ಮುಖ ನೋಡಲಿಲ್ಲ.

ಮೇಸ್ತ್ರಿ ತೆಲುಗಿನವನು, ಕನ್ನಡವೂ ಅಷ್ಟೇ ಸಲೀಸು. "ಇಸುಕ ವೇಸ್ತೇ ಸರಿಪೋತುಂದಣ್ಣಾ," ಅಂದ. "ಒಂದು ಗೇಣು ಮರಳು ಹಾಸಿ ಅದರ ಮೇಲೆ ಕಡಪ ಕಲ್ಲು ಕೂರಿಸಿಬಿಡೋಣ."

ಗೋಡೆಗೆ ಒರಗಿದ್ದ ಅವ್ವ ಕಿಸಕ್ಕನೆ ನಕ್ಕಿತು. "ಮರಳಾ? ಲೋ ಮೇಸ್ತ್ರಿ, ನಾವು ಪುರಿ ಹುರಿಯೋದೇ ಮರಳಲ್ಲಿ ಕಣ್ಲಾ. ಅದು ಶಾಖ ಕುಡಿದ್ರೆ ಸಂಜೆ ತನಕ ಉಗುಳಾಕಿಲ್ಲ. ನನ್ನ ಮೊಮ್ಮಗಳನ್ನ ಪುರಿ ಮಾಡ್ಬೇಕೂಂತ ಇದೀಯಾ?"

ಥರ್ಮಾಕೋಲು ಹಾಸಬಹುದು ಅಂತ ಹಾರ್ಡ್‌ವೇರ್ ಅಂಗಡಿಯವನು ಹೇಳಿದ್ದನಂತೆ. ಅದಕ್ಕೆ ಅಕ್ಕ ಒಪ್ಪಲಿಲ್ಲ. ಕೆಳಗೆ ಬೆಂಕಿ ಇಟ್ಟುಕೊಂಡು ಮೇಲೆ ಪ್ಲಾಸ್ಟಿಕ್ ಹಾಸುವವರು ಯಾರು ಅಂದಳು. ಅಲ್ಲಿಗೆ ಮಾತು ನಿಂತಿತು. ಎಲ್ಲರೂ ಕೆಳಗಿಳಿದು ಕಾಫಿ ಕುಡಿದೆವು.

ವಾಪಸು ಬರುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಅದೇ ನೆಲ. ಶಾಖ ಕುಡಿಯದ, ಬೆಂಕಿಗೂ ಹೆದರದ ಪದಾರ್ಥ ಯಾವುದು? ಯಾವುದೋ ಒಂದನ್ನು ದಿನಾ ಕೈಯಲ್ಲಿ ಹಿಡಿಯುತ್ತಿದ್ದೇನೆ, ಹೆಸರು ಮಾತ್ರ ನಾಲಿಗೆಗೆ ಬರುತ್ತಿಲ್ಲ ಅನ್ನುವ ಹಾಗಿತ್ತು. ಮರುದಿನ ಬೆಳಿಗ್ಗೆ ಅದು ನಿಜವಾಗಿಯೂ ಕೈಗೆ ಸಿಕ್ಕಿತು.

ನನ್ನದು ಕಲ್ಯಾಣದುರ್ಗದ ಹೊರಗೆ ಒಂದು ಸಸಿ ನರ್ಸರಿ. ಟೊಮೇಟೊ, ಮೆಣಸಿನಕಾಯಿ, ಬದನೆಯ ಸಸಿಗಳನ್ನು ಟ್ರೇಗಳಲ್ಲಿ ಎಬ್ಬಿಸಿ ರೈತರಿಗೆ ಕೊಡುತ್ತೇನೆ. ಬೀಜ ಉದುರಿಸಿದ ಮೇಲೆ ತೆಂಗಿನ ನಾರಿನ ಪುಡಿಯ ಜೊತೆ ಇನ್ನೊಂದು ಪದಾರ್ಥ ಬೆರೆಸಿ ಮುಚ್ಚುತ್ತೇವೆ. ವರ್ಮಿಕ್ಯುಲೈಟ್ ಅಂತ ಅದರ ಹೆಸರು. ನೋಡುವುದಕ್ಕೆ ಹೊಂಬಣ್ಣದ ಪುಟ್ಟ ಪುಟ್ಟ ಗರಿಗಳು, ಹಿಡಿ ತುಂಬ ತೆಗೆದರೂ ಕೈಯಲ್ಲಿ ಏನೂ ಇಲ್ಲದಂಥ ಹಗುರ. ಅದರ ಮೂಟೆ ಅಂಗಳದ ಬಿಸಿಲಿನಲ್ಲಿ ಬಿದ್ದಿತ್ತು. ಮೂಟೆಯ ಮೈ ಮುಟ್ಟಿದರೆ ಚುರ್ ಅನ್ನುವಷ್ಟು ಬಿಸಿ. ಒಳಗೆ ಮೊಳಕೈ ತನಕ ಕೈ ತೂರಿಸಿದೆ. ತಣ್ಣಗಿತ್ತು. ಇಷ್ಟು ವರ್ಷ ನೂರಾರು ಸಲ ಆ ಮೂಟೆಗೆ ಕೈ ಹಾಕಿದ್ದೇನೆ, ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ.

ಮೂಟೆ ತಂದುಕೊಡುವವನಿಗೆ ಫೋನು ಮಾಡಿ ಕೇಳಿದೆ. ಇದು ಗಿಡದ್ದಲ್ಲ, ಕಲ್ಲು ಅಂದ. ಭೂಮಿಯಲ್ಲಿ ಹಾಳೆ ಹಾಳೆಯಾಗಿ ಸಿಗುತ್ತದಂತೆ. ಕಾಗೆ ಬಂಗಾರದ ನೆಂಟ. ದೊಡ್ಡ ಕುಲುಮೆಯಲ್ಲಿ ಕಾಯಿಸಿದರೆ ಹಾಳೆಗಳ ಸಂದಿನಲ್ಲಿರುವ ನೀರು ಆವಿಯಾಗಿ, ಕಲ್ಲು ಹೀಗೆ ಅರಳುತ್ತದೆ. ಮನೆಗಳ ಮೇಲೆ, ನೆಲದ ಕೆಳಗೆ ಶಾಖ ತಡೆಯುವುದಕ್ಕೆ ಅಂತಲೂ ಕೆಲವರು ಕೊಳ್ಳುತ್ತಾರೆ ಅಂದ. ಅವನು ಫೋನು ಇಟ್ಟ ಮೇಲೂ 'ಅರಳುತ್ತದೆ' ಅನ್ನುವ ಮಾತು ಕಿವಿಯಲ್ಲಿ ಉಳಿಯಿತು. ಕಲ್ಲು ಅರಳುವುದುಂಟೇ?

ಮುಂದಿನ ಸಲ ಹಿಂದೂಪುರಕ್ಕೆ ಹೋಗುವಾಗ ಒಂದು ಚೀಲ ತುಂಬ ತೆಗೆದುಕೊಂಡು ಹೋದೆ. ಭಾವ ಭಟ್ಟಿಯ ಮುಂದೆ ಕೂತಿದ್ದರು. ಚೀಲದಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು, ಕಿವಿಯ ಹತ್ತಿರ ಹಿಡಿದು ಅದರ ಸದ್ದು ಕೇಳಿದರು, ಆಮೇಲೆ ಸೀದಾ ಬಾಯಿಗೆ ಹಾಕಿಕೊಂಡರು.

"ಉಗೀರಿ! ಕಲ್ಲು ಅಂತ ಹೇಳ್ತಾ ಅವನೆ, ತಿಂತೀರಲ್ಲ!" ಅಂತ ಅಕ್ಕ ಕೂಗಿದಳು.

ಭಾವ ಉಗಿದರು. "ಹದ ನೋಡೋದು ಬಾಯಲ್ಲೇ ಅಲ್ವೇನೇ. ಚೆನ್ನಾಗಿ ಅರಳೈತೆ ಕಣ್ಲಾ ಭಾಮೈದ. ಯಾರು ಹುರಿದಿದ್ದು?"

ಆಮೇಲೆ ಅಂಗೈಯಲ್ಲಿ ಅದನ್ನು ಗುಪ್ಪೆ ಮಾಡಿಕೊಂಡು, ಇಕ್ಕಳದಲ್ಲಿ ಭಟ್ಟಿಯಿಂದ ಒಂದು ಪುಟ್ಟ ಕೆಂಡ ಹಿಡಿದು ಅದರ ನೆತ್ತಿಯ ಮೇಲೆ ಇಟ್ಟರು. ನಾವು ಬಗ್ಗಿ ನೋಡಿದೆವು. ಕೆಂಡ ಕೆಂಪಗಿತ್ತು, ಭಾವನ ಕೈ ಅಲ್ಲಾಡಲಿಲ್ಲ. ಕೆಂಡ ಆರಿ ಕಪ್ಪಿಟ್ಟ ಮೇಲೆ ಅದನ್ನು ಊದಿ ಬೀಳಿಸಿ ಅಂಗೈ ತೋರಿಸಿದರು.

"ಒಸಿ ಬೆಚ್ಚಗಾಯ್ತು, ಅಷ್ಟೇಯ," ಅಂದರು. ಅಷ್ಟು ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ನೆಲಕ್ಕೆ ಬೇಕಾದಷ್ಟು ಮೂಟೆ ತರಿಸಿಬಿಡುತ್ತೇನೆ ಅಂದೆ. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಪುರಿ ಭಟ್ಟಿಯವರ ಮನೆಯಲ್ಲಿ ಒಂದು ರಿವಾಜು. ಅವರು ಅಂಗಡಿಯಿಂದ ಪುರಿ ಕೊಳ್ಳುವುದಿಲ್ಲ, ನೆಂಟರ ಮನೆಗೆ ಹೋದರೂ ಬೇರೆಯವರು ಹುರಿದ ಪುರಿ ಮುಟ್ಟುವುದಿಲ್ಲ. ಭಟ್ಟಿ ಕೆಟ್ಟು ನಿಂತ ದಿನ ಮನೆಯಲ್ಲಿ ಒಗ್ಗರಣೆ ಪುರಿ ಇಲ್ಲ ಅಂದರೆ ಇಲ್ಲ.

"ಅರಳಿಸೋದು ನಮ್ಮ ಕಸುಬು," ಅಂದರು ಭಾವ. "ಅರಳಿದ್ದನ್ನ ಇನ್ನೊಬ್ಬನ ಹತ್ರ ಕೊಂಡ್ಕೊಂಡು ಮನೇಲಿ ಹಾಕಿದ್ರೆ ಊರು ನಗಾಕಿಲ್ವಾ? ನೀನು ಹಸಿ ಕಲ್ಲು ತಂದ್ಕೊಡು. ಹುರಿಯೋದು ನನಗೆ ಬಿಡು."

ಹಸಿ ಕಲ್ಲು ಎಲ್ಲಿದೆ ಅಂತ ನನಗೆ ಆಗಲೇ ಗೊತ್ತಿತ್ತು. ಕಲ್ಯಾಣದುರ್ಗದ ಆಚೆ ನನ್ನ ಗೆಳೆಯನೊಬ್ಬನ ಕಡ್ಲೆಕಾಯಿ ಹೊಲದಲ್ಲಿ ಹಳೆಯ ಬಾವಿ ಇದೆ. ಬಾವಿ ತೋಡಿದಾಗ ಬಂದ ಮಣ್ಣು ದಿನ್ನೆಯಾಗಿ ಅಲ್ಲೇ ಬಿದ್ದಿದೆ. ಅದರ ತುಂಬ ಕಂದು ಬಣ್ಣದ ಹೊಳೆಯುವ ಹಾಳೆಕಲ್ಲು. ಹುಡುಗರಾಗಿದ್ದಾಗ ಅದನ್ನು ಉಗುರಲ್ಲಿ ಸುಲಿದು ಕಾಗೆ ಬಂಗಾರ ಅಂತ ಆಡುತ್ತಿದ್ದೆವು. ಒಂದು ಹಿಡಿ ತಂದು ಮನೆಯ ಒಲೆಯ ಕೆಂಡಕ್ಕೆ ಹಾಕಿ ನೋಡಿದೆ. ಹಾಳೆಗಳು ಮೈಮುರಿದುಕೊಂಡು ಎದ್ದವು. ಗೆಳೆಯನನ್ನು ಕೇಳಿದರೆ "ತಗೊಂಡ್ಹೋಗಪ್ಪ, ಉಳುವಾಗ ಅದೊಂದು ಕಾಟ" ಅಂದ. ಭಾವನ ಭಟ್ಟಿಗೆ ಉರುವಲು ನಮ್ಮೂರ ಮಿಲ್ಲಿನ ಕಡ್ಲೆಕಾಯಿ ಹೊಟ್ಟು. ಆ ಹೊಟ್ಟಿನ ಲಾರಿಯ ನೆತ್ತಿಯ ಮೇಲೆಯೇ ಕಲ್ಲಿನ ಮೂಟೆಗಳನ್ನು ಏರಿಸಿ, ಡ್ರೈವರ್ ಪಕ್ಕ ನಾನೂ ಕೂತು ಹೊರಟೆ.

ಹುರಿಯುವ ದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಕಲ್ಲು ತೊಟ್ಟಿಯಲ್ಲಿ ನೆನೆದು, ಬಸಿದು, ಅಂಗಳದಲ್ಲಿ ಒಣಗುತ್ತಿತ್ತು.

"ಇದನ್ನ ಯಾಕೆ ನೆನೆಸಿದಿರಿ ಭಾವ?"

"ಉಪ್ಪುನೀರು ಕುಡಿಸದೆ ಯಾವುದ್ಲಾ ಅರಳ್ತದೆ?" ಅಂತ ನನ್ನನ್ನೇ ಕೇಳಿದರು.

ಅವ್ವ ಪಕ್ಕದಲ್ಲೇ ಕೂತು ಒಣಗಿದ ಕಲ್ಲನ್ನು ಮೊರದಲ್ಲಿ ಕೇರುತ್ತಿತ್ತು, ಅಕ್ಕಿ ಕೇರುವ ಹಾಗೆಯೇ. "ನೀನೇ ಹೇಳಿದ್ಯಂತಲ್ಲಪ್ಪ, ಕಲ್ಲಿನ ಒಳಗೆ ನೀರಿರ್ತದೆ, ಅದಕ್ಕೇ ಅರಳ್ತದೆ ಅಂತ. ಭೂಮಿಯೊಳಗೆ ಎಷ್ಟು ಕಾಲದಿಂದ ಬಿದ್ದಿತ್ತೋ, ಒಣಗಿರ್ತದೆ ಪಾಪ. ಅಕ್ಕಿಗೂ ಅಷ್ಟೇಯ. ಉಪ್ಪುನೀರು ಹಿಡಿದ ಅಕ್ಕೀನೇ ಚೆನ್ನಾಗಿ ಅರಳೋದು. ನನ್ನತ್ತೆ ಕಲಿಸಿದ್ದು."

ಅದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಏನೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಬಹಳ ಸರಿಯಾದ ಮಾತು ಅಂತಲೇ ತೋರಿತು. ತಲೆಮಾರುಗಳಿಂದ ಅಕ್ಕಿ ಅರಳಿಸಿದವರ ಮನೆಯಲ್ಲಿ ನಿಂತು ಸಸಿ ಮಾರುವವನು ಅರಳುವ ಪಾಠ ಹೇಳಲಿಕ್ಕಾಗುತ್ತದೆಯೇ?

ಅಕ್ಕ ಒಂದು ಷರತ್ತು ಹಾಕಿದಳು. ಜನ ತಿನ್ನುವ ಪುರಿಯ ಬಾಣಲೆಯಲ್ಲಿ ಕಲ್ಲು ಹಾಕಕೂಡದು. ಮೂಲೆಯಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಬಾಣಲೆ ತೆಗೆದರು, ಹಳೆ ಮರಳು ತುಂಬಿದರು. ಎಲ್ಲರೂ ಮೂಗು ಬಾಯಿಗೆ ಟವೆಲ್ಲು ಸುತ್ತಿಕೊಂಡೆವು. ಮರಳು ಕಾದು ಹೊಗೆಯಾಡುವಾಗ ಭಾವ ಒಂದು ಸೇರು ಕಲ್ಲು ಸುರಿದು ಪುರಿ ತಿರುವುವ ಹಾಗೆ ಸರಸರ ತಿರುವಿ, ಜರಡಿಗೆ ಎತ್ತಿ ಜಾಡಿಸಿದರು. ಪುರಿಯಾದರೆ ಆ ಹೊತ್ತಿಗೆ ಜರಡಿ ತುಂಬಿ ಬೆಳ್ಳಗೆ ನಗುತ್ತಿರುತ್ತದೆ. ಕಲ್ಲು ಕಲ್ಲಾಗಿಯೇ ಇತ್ತು, ಹೆಚ್ಚೆಂದರೆ ಬಿಸಿಯಾಗಿತ್ತು.

"ಮುನಿಸ್ಕೊಂಡೈತೆ," ಅಂದಿತು ಅವ್ವ.

"ಇನ್ನೊಸಿ ಉಪ್ಪು ಬೇಕಿತ್ತೇನೋ," ಅಂದರು ಭಾವ.

ಮನೆಯ ಒಲೆಯಲ್ಲಿ ನಾನು ಸೀದಾ ಕೆಂಡಕ್ಕೆ ಹಾಕಿದ್ದು ನೆನಪಾಗಿ, ಇದಕ್ಕೆ ಮರಳಿನ ಶಾಖ ಸಾಲದು, ಬೆಂಕಿಯೇ ಬೇಕೇನೋ ಅಂದೆ. ಭಾವ ಮರಳನ್ನು ಹೊರಗೆ ಸುರಿದು ಬರೀ ಬಾಣಲೆಯನ್ನು ಭಟ್ಟಿಯ ಬಾಯಿಗೆ ಒಡ್ಡಿ, ಹೊಟ್ಟು ಎರಚಿ ಎರಚಿ ಉರಿ ಏರಿಸಿದರು. ಬಾಣಲೆಯ ತಳ ಕೆಂಪಾಯಿತು. ಆಗ ಒಂದು ಹಿಡಿ ಹಾಕಿದರು.

ಅದನ್ನು ಹೇಗೆ ಹೇಳಲಿ! ಕಂದು ಚೂರೊಂದು ಮೊದಲು ನಡುಗಿತು. ಆಮೇಲೆ ಪುಸ್ತಕದ ಹಾಳೆಗಳನ್ನು ಯಾರೋ ಒಳಗಿನಿಂದ ಬಿಡಿಸಿದಂತೆ ಉದ್ದಕ್ಕೆ ಬೆಳೆಯಿತು, ಹುಳದ ಹಾಗೆ ಹೊರಳಿತು, ಹೊಂಬಣ್ಣಕ್ಕೆ ತಿರುಗಿತು. ಅದರ ಪಕ್ಕದ್ದು, ಅದರ ಪಕ್ಕದ್ದು. ಬಾಣಲೆಯ ತಳದಲ್ಲಿ ಒಂದು ಪದರ ಇದ್ದ ಕಲ್ಲು ಕಣ್ಣೆದುರೇ ಉಬ್ಬಿ ಅಂಚಿಗೆ ಬಂತು. ಪುರಿಗೆ ಚಟಪಟ ಸದ್ದಿರುತ್ತದೆ. ಇದು ಒಣಹುಲ್ಲು ಮಿಸುಕಿದಂತೆ ಸರಸರ ಅಂದಿತು, ಅಷ್ಟೇ.

"ಅರೆರೆರೆ! ಅವ್ವಾ, ನೋಡು ಬಾ!" ಅಂತ ಭಾವ ಕೂಗಿಕೊಂಡರು.

ಅವ್ವ ಬಗ್ಗಿ ನೋಡಿತು. "ಸಿವನೇ! ಕಲ್ಲನ್ನೂ ಹುರಿದ್ಬುಟ್ಯಲ್ಲೋ ನನ್ನ ಮಗನೆ."

ಪುರಿ ಕೊಳ್ಳಲು ಬಂದವರೂ ನಿಂತು ನೋಡಿದರು. ಒಬ್ಬ ಸೇರು ಎಷ್ಟು ಅಂತಲೂ ಕೇಳಿದ. "ನಿನ್ನ ಹಲ್ಲು ಗಟ್ಟಿ ಐತಾ ಹೇಳು, ಬಿಟ್ಟಿ ಕೊಡ್ತೀನಿ," ಅಂದರು ಭಾವ. ಹಾಗೆ ಹುರಿದ ಕಲ್ಲಿಗೆ ಕಲ್ಲುಪುರಿ ಅಂತಲೇ ಹೆಸರು ಬಿತ್ತು; ಅದು ಒಳಕೋಣೆಯೊಂದಕ್ಕೆ ಸಾಕಾಯಿತು, ನಡುಮನೆಗೆ ಸಾಲಲಿಲ್ಲ. ಕೂಸು ಮಲಗುವುದು ಒಳಕೋಣೆಯಲ್ಲಿ ತಾನೇ, ನಡುಮನೆಗೆ ಬರೀ ಟೈಲ್ಸ್ ಸಾಕು ಅಂದಳು ಅಕ್ಕ.

ಮೇಸ್ತ್ರಿಗೆ ಮೊದಲು ನಂಬಿಕೆ ಇರಲಿಲ್ಲ. ಕಲ್ಲುಪುರಿಗೆ ಒಂದಿಷ್ಟು ಸಿಮೆಂಟು, ನೀರು ಚಿಮುಕಿಸಿ ಉಪ್ಪಿಟ್ಟಿನ ಹದಕ್ಕೆ ಕಲಸಿ ಹಾಸಿದ. ಕರಣೆಯಲ್ಲಿ ಮೆಲ್ಲಗೆ ಸವರಿ ಮಟ್ಟ ಮಾಡಿದ. ತುಳಿದರೆ ಅರಳಿದ್ದು ನುಗ್ಗಾಗಿ ಶಾಖ ದಾಟುತ್ತದೆ ಅಂತ ನಾನು ಹೇಳಿದ್ದರಿಂದ ಯಾರೂ ಕಾಲಿಡಲಿಲ್ಲ. ಅದು ಗಟ್ಟಿಯಾದ ಮೇಲೆ ತೆಳ್ಳಗೆ ಗಾರೆ, ಗಾರೆಯ ಮೇಲೆ ಕಪ್ಪು ಕಡಪ ಕಲ್ಲು. ಶ್ರಾವಣದಲ್ಲಿ ಹಾಲುಕ್ಕಿಸಿ ಒಳಗೆ ಬಂದರು.

ಅಕ್ಕ ಪರೀಕ್ಷೆ ಮಾಡದೆ ಬಿಡುವವಳಲ್ಲ. ಭಟ್ಟಿ ಜೋರಾಗಿ ಉರಿಯುವ ದಿನ ನೋಡಿಕೊಂಡು, ಒಂದೇ ಸಲ ರುಬ್ಬಿದ ದೋಸೆಹಿಟ್ಟನ್ನು ಎರಡು ಪಾತ್ರೆಗೆ ಹಾಕಿ, ಒಂದನ್ನು ನಡುಮನೆಯ ನೆಲದ ಮೇಲೆ, ಇನ್ನೊಂದನ್ನು ಒಳಕೋಣೆಯಲ್ಲಿ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ನಡುಮನೆಯ ಹಿಟ್ಟು ಹುಳಿಯೆದ್ದು ಮುಚ್ಚಳ ತಳ್ಳಿ ನೆಲಕ್ಕೆ ಇಳಿದಿತ್ತು. ಒಳಕೋಣೆಯದು ಇಟ್ಟ ಹಾಗೇ ಇತ್ತು. ಅಕ್ಕ ಎರಡನ್ನೂ ಮೂಸಿ ನೋಡಿ, ಮೆಟ್ಟಿಲ ತುದಿಗೆ ಬಂದು ಕೆಳಗೆ ಕೂಗಿದಳು: "ಉರೀಲಿ ಬಿಡ್ರೀ ನಿಮ್ಮ ಭಟ್ಟಿ!"

ಕೆಳಗೆ ಭಾವ ಜರಡಿ ಜಾಡಿಸುವ ಸದ್ದು ಎರಡರಷ್ಟು ಜೋರಾಯಿತು.

ಗಣೇಶನ ಹಬ್ಬ ಕಳೆದು ಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ಮಳೆ ಬರುವುದೇ ಅಪರೂಪ, ಬಂದಾಗ ಎಲ್ಲರೂ ಖುಷಿಪಡುತ್ತಾರೆ. ಅಕ್ಕ ಮಾತ್ರ ಫೋನು ಮಾಡಿ, "ಒಂದು ಸಲ ಬಂದ್ಹೋಗ್ತೀಯೇನೋ? ನೆಲಕ್ಕೆ ಏನೋ ಆಗೈತೆ," ಅಂದಳು. ದನಿಯಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ಹೆದರಿ ಅವತ್ತೇ ಹೊರಟೆ.

ಕಪ್ಪು ಕಡಪ ಕಲ್ಲುಗಳ ಸಂದು ಸಂದಿನಲ್ಲೂ ಬಿಳಿ ಹೂವು ಬಿಟ್ಟಿತ್ತು. ಯಾರೋ ಹಬ್ಬಕ್ಕೆ ರಂಗೋಲಿಯ ಎಳೆ ಬಿಟ್ಟಂತೆ, ನೋಡುವುದಕ್ಕೆ ಚೆಂದವೇ. ಅಂಗಾಲಿಟ್ಟರೆ ನೆಲ ಜಿಗಿಜಿಗಿ. ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಬಿಡುತ್ತದೆ ಅಂದಳು ಅಕ್ಕ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಸಿಮೆಂಟಿನದು ಅಂದ. ಭಾವ, ಅಂಗಡಿಯವನು ಕೊಟ್ಟ ಕಡಪ ಕಲ್ಲೇ ಕೆಟ್ಟದ್ದು ಅಂದರು. ನಾನು ಮಳೆಯ ಪಸೆ ಅಂದೆ. ಮೂವರೂ ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ ಹೇಳುತ್ತಿದ್ದಾಗ ಅವ್ವ ನಿಧಾನವಾಗಿ ಬಂದು, ಬಗ್ಗಿ, ತೋರುಬೆರಳಲ್ಲಿ ಆ ಬಿಳಿಯದನ್ನು ಒರೆಸಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಿತು.

"ಉಪ್ಪು," ಅಂದಿತು.

ಭಾವ ತಾವೂ ಮುಟ್ಟಿ ರುಚಿ ನೋಡಿದರು. ತೊಟ್ಟಿಯಲ್ಲಿ ನೆನೆಸಿದ ಉಪ್ಪು ಬೆಂಕಿಗೂ ಸಾಯದೆ ಕಲ್ಲುಪುರಿಯ ಹಾಳೆಗಳೊಳಗೇ ಕೂತು, ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು, ಈಗ ಸಂದಿಯಿಂದ ಇಣುಕುತ್ತಿತ್ತು. ಅಡುಗೆಮನೆಯಲ್ಲಿ ಮಳೆಗಾಲಕ್ಕೆ ಉಪ್ಪಿನ ಜಾಡಿ ನೀರಾಡುವುದನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದವರೇ.

"ಅಣ್ಣಾ, ಉಪ್ಪು ಅಂದ್ರೆ ಕಂಬಿಗೆ ವಿಷ," ಅಂದ ಮೇಸ್ತ್ರಿ, ದನಿ ತಗ್ಗಿಸಿ. "ಈ ತೇವ ಕೆಳಗಿನ ಮೋಲ್ಡಿಗೆ ಇಳಿದ್ರೆ ಒಳಗಿನ ಕಂಬಿ ತುಕ್ಕು ತಿಂತದೆ. ಇವತ್ತಲ್ಲ ನಾಳೆ ಇದು ನಿಮ್ಮ ಭಟ್ಟಿ ಮೇಲೇ ಬೀಳ್ತದೆ."

ದಸರಾ ಹತ್ತಿರ ಬಂದಿತ್ತು. ದಸರಾ ಮುಗಿದರೆ ಸೀಮಂತ, ಸೀಮಂತದ ಮೇಲೆ ಮಗಳು ಬರುತ್ತಾಳೆ. ಅಕ್ಕ ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ನೆಲವನ್ನು ನೋಡಿದಳು.

"ಕೀಳ್ರಿ," ಅಂದಳು. "ಎಲ್ಲಾ ಕೀಳ್ರಿ. ಅಳೋರಂಗೆ ನಿಂತ್ಕೋಬೇಡಿ."

ಕಡಪ ಕಲ್ಲು ಎಬ್ಬಿಸುವಾಗ ಒಂದಿಷ್ಟು ಒಡೆದವು, ಒಂದಿಷ್ಟು ಉಳಿದವು. ಕೆಳಗಿನ ಕಲ್ಲುಪುರಿ ತೇವದಿಂದ ಮುದ್ದೆಯಾಗಿತ್ತು. ಎಲ್ಲ ಬಾಚಿ, ಮೋಲ್ಡನ್ನು ಸಿಹಿನೀರಿನಲ್ಲಿ ತೊಳೆದು ತೊಳೆದು ಒಣಗಿಸಿದರು. ನಾನು ಬಾವಿಯ ದಿನ್ನೆಯಿಂದ ಮತ್ತೆ ಕಲ್ಲು ತಂದೆ. ತರುವ ಮುಂಚೆ, ಈ ಸಲ ಅರಳಿದ ಮೂಟೆಯನ್ನೇ ತರಿಸಲೇ ಅಂತ ಭಾವನನ್ನು ಫೋನಿನಲ್ಲಿ ಮೆಲ್ಲಗೆ ಕೇಳಿದ್ದೆ. "ಕೆಟ್ಟಿದ್ದು ನನ್ನ ಕೈಯಲ್ಲಿ ಕಣ್ಲಾ. ನನ್ನ ಕೈಯಲ್ಲೇ ಸರಿಹೋಗ್ಲಿ," ಅಂದಿದ್ದರು.

ಎರಡನೇ ಸಲ ಹುರಿದ ದಿನ ಅಂಗಳದಲ್ಲಿ ತೊಟ್ಟಿ ಖಾಲಿ ಇತ್ತು. ಭಟ್ಟಿ ಉರಿಯುತ್ತಿತ್ತು, ಬಾಣಲೆ ಕೆಂಪಾಗಿತ್ತು. ಭಾವ ಒಣ ಕಲ್ಲನ್ನು ಮೊಗೆದು ಕೈಯಲ್ಲಿ ಹಿಡಿದವರು ಹಾಗೇ ನಿಂತುಬಿಟ್ಟರು.

"ಏನಾಯ್ತು ಭಾವ?"

"ಉಪ್ಪಿಲ್ದೆ ಹುರಿಯಾಕೆ ಕೈ ಬರ್ತಿಲ್ಲ ಕಣ್ಲಾ."

ಅವ್ವ ಹಿಂದಿನಿಂದ ಬೈಯಿತು. "ಹಾಕೋ ಅತ್ಲಾಗಿ! ಅದೇನು ನಿನ್ನ ನೆಂಟನಾ, ಉಪ್ಪು ತಿನ್ನಿಸಿ ಋಣ ಕಟ್ಕೊಳ್ಳಾಕೆ?"

ಹಾಕಿದರು. ಕಲ್ಲು ನಡುಗಿತು, ಬಿಚ್ಚಿಕೊಂಡಿತು, ಹೊಂಬಣ್ಣಕ್ಕೆ ತಿರುಗಿ ಬಾಣಲೆಯ ಅಂಚಿಗೆ ಬಂತು. ಮೊದಲ ಸಲ ಅರಳಿದ್ದಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯಿರಲಿಲ್ಲ. ಭಾವ ಬಾಣಲೆಯನ್ನೇ ದಿಟ್ಟಿಸಿ ನೋಡಿದರು.

"ಹಂಗಾದ್ರೆ ಆ ನೀರು ಇದರೊಳಗೆ ಮೊದ್ಲಿಂದ್ಲೇ ಇತ್ತಾ?" ಅಂತ ಕೇಳಿದರು. "ಅಷ್ಟು ಕಾಲ ಮಣ್ಣಲ್ಲಿ ಬಿದ್ದಿದ್ರೂ, ಬಿಸಿಲಲ್ಲಿ ಒಣಗಿದ್ರೂ? ಎಲ್ಲಿ ಬಚ್ಚಿಟ್ಕೊಂಡಿತ್ತು?"

ಮೂಟೆಯವನು ಹೇಳಿದ್ದನ್ನೇ ನಾನು ಮತ್ತೆ ಹೇಳಿದೆ. ಹಾಳೆ ಹಾಳೆಯ ಸಂದಿನಲ್ಲಿ, ಕಲ್ಲು ಹುಟ್ಟಿದಾಗಿನಿಂದ. ಭಾವನಿಗೆ ಅದು ಸಾಲಲಿಲ್ಲ. ನನಗೂ ಸಾಲಲಿಲ್ಲ. ಅವತ್ತು ಪುರಿ ಕೇಳಿಕೊಂಡು ಬಂದವರಿಗೆಲ್ಲ ಭಾವ, "ಪುರಿ ಇಲ್ಲ, ನಾಳೆ ಬನ್ನಿ," ಅಂತ ವಾಪಸು ಕಳಿಸಿ, ಪ್ರತಿ ಬಾಣಲೆಯನ್ನೂ ಮೊದಲ ಬಾಣಲೆಯ ಹಾಗೆಯೇ ಕಣ್ಣು ಕೀಲಿಸಿ ನೋಡುತ್ತಿದ್ದರು.

ನೆಲ ಮತ್ತೆ ಕೂತಿತು. ಒಣಗುವುದಕ್ಕೆ ಬಿಸಿಲಿಲ್ಲವಲ್ಲ ಅಂತ ಮೇಸ್ತ್ರಿ ಚಿಂತೆ ಮಾಡಿದ. ಬಿಸಿಲು ಬೇಕಾಗಲಿಲ್ಲ. ಕೆಳಗಿನ ಭಟ್ಟಿಯೇ ಮೆಲ್ಲಗೆ ತಿಂಗಳುಗಟ್ಟಲೆ ಕಾಯಿಸಿ ತೇವ ಹೀರಿತು. ಆ ಸಲದ ಹಿಂಗಾರು ಮಳೆ ಜೋರಾಗಿಯೇ ಬಂತು. ಅಕ್ಕ ದಿನಾ ಬೆಳಿಗ್ಗೆ ಎದ್ದು ಸಂದುಗಳನ್ನು ಬೆರಳಲ್ಲಿ ಒರೆಸಿ ನೆಕ್ಕಿ ನೋಡುತ್ತಿದ್ದಳಂತೆ. ಮನೆಗೆ ಬಂದ ಪಕ್ಕದ ಮನೆಯವಳೊಬ್ಬಳು ಅದನ್ನು ಕಂಡು, ಮಗಳ ಬಸುರಿಗೆ ತಾಯಿಗೆ ಬಯಕೆ ಹತ್ತಿದೆಯೇನಮ್ಮ ಅಂತ ಕೇಳಿದ್ದಳು. ಬಿಳಿಯದು ಮತ್ತೆ ಕಾಣಲಿಲ್ಲ.

ಮಗಳು ಬಂದಳು. ಮಾರ್ಗಶಿರದ ಚಳಿಯಲ್ಲಿ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮನೆಗೆ ಕರೆತಂದ ದಿನ ಒಳಕೋಣೆಯಲ್ಲಿ ಹಾಸಿಗೆ ಹಾಸಿ, ಸಾಂಬ್ರಾಣಿ ಹಾಕಿ, ಎಲ್ಲ ಸಿದ್ಧವಾಗಿತ್ತು. ಅವ್ವ ಒಳಗೆ ಹೋಗಿ ನೆಲಕ್ಕೆ ಅಂಗೈ ಇಟ್ಟು ನೋಡಿ ಸಿಡುಕಿತು.

"ಹಸಿ ಬಾಣಂತೀನ ಈ ತಣ್ಣನೆ ನೆಲದ ಮೇಲೆ ಮಲಗಿಸ್ತೀರಾ? ಬಾಣಂತಿ ಬೆಚ್ಚಗಿರ್ಬೇಕು ಅಂತ ಯಾರೂ ಹೇಳಿಕೊಟ್ಟಿಲ್ವಾ ನಿಮಗೆ?"

ಅಕ್ಕ ನನ್ನ ಮುಖ ನೋಡಿದಳು, ನಾನು ಭಾವನ ಮುಖ ನೋಡಿದೆ. ಹಾಸಿಗೆ ಎತ್ತಿ, ಏನೂ ಹಾಕದೆ ಬರೀ ಟೈಲ್ಸ್ ಹೊದ್ದಿದ್ದ ನಡುಮನೆಯಲ್ಲಿ ಹಾಸಿದರು. ಚಳಿಯ ಹೊತ್ತಿನಲ್ಲಿ ಆ ನೆಲ ಹಿತವಾಗಿ ಬೆಚ್ಚಗಿತ್ತು. ಎರಡು ತಿಂಗಳು ತಾಯಿ, ಕೂಸು, ಅವ್ವ ಮೂವರೂ ಅಲ್ಲೇ ಮಲಗಿದರು. ಅಷ್ಟು ಕಷ್ಟಪಟ್ಟು ತಣ್ಣಗೆ ಮಾಡಿದ ಕೋಣೆಯಲ್ಲಿ ಭಾವ ಒಬ್ಬರೇ ಕಂಬಳಿ ಹೊದ್ದು ನಡುಗುತ್ತಾ ಮಲಗಿದರು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಬೆಳಿಗ್ಗೆ ನಡುಮನೆಯಲ್ಲಿ ಕೂಸು ಬೆವರಿ ಕಿರಿಕಿರಿ ಅಳತೊಡಗಿದಾಗ, ಅಕ್ಕ ಯಾರನ್ನೂ ಕೇಳದೆ ಅದನ್ನು ಎತ್ತಿಕೊಂಡು ಹೋಗಿ ಒಳಕೋಣೆಯ ಕಪ್ಪು ಕಲ್ಲಿನ ಮೇಲೆ ಒಂದು ಹತ್ತಿಯ ಸೀರೆ ಮಡಿಸಿ ಹಾಸಿ ಮಲಗಿಸಿದಳು. ಕೆಳಗೆ ಭಟ್ಟಿ ಉರಿಯುತ್ತಿತ್ತು. ಕೂಸು ಮಧ್ಯಾಹ್ನದ ತನಕ ಏಳಲಿಲ್ಲ.